ಘಟ್ಟದ ಮೇಲೊಬ್ಬಳು ಕ್ರಿಸ್‌ಮಾಮ್

ಅರಸೀಕೆರೆಯ ಬಾಡಿಗೆ ಮನೆಗೆ ಬಂದ ಮೊದಲ ಮಧ್ಯಾಹ್ನ ನನ್ನ ತಲೆಯ ಮೇಲೆ ಯಾರೋ ನಡೆದಾಡುತ್ತಿದ್ದರು. ನಾಲ್ಕು ಹೆಜ್ಜೆ, ಆಮೇಲೆ ಏನನ್ನೋ ಅಲುಗಾಡಿಸುವ ಸದ್ದು, ಮತ್ತೆ ಹೆಜ್ಜೆ. ಮನೆಗೆ ಮಹಡಿ ಇಲ್ಲವೆಂಬುದನ್ನು ಹೊರಗಿನಿಂದ ನೋಡಿಯೇ ಒಳಗೆ ಬಂದವಳು ನಾನು. ಮಹಡಿಯಿಲ್ಲದ ಮನೆಯ ಮೇಲೆ ಮನುಷ್ಯರು ಓಡಾಡುವುದೆಂದರೇನು? ಜಪಮಾಲೆ ಹಿಡಿದುಕೊಂಡೇ ಅಂಗಳಕ್ಕೆ ಬಂದು "ಹೂ ಈಸ್ ದೇರ್?" ಎಂದು ಕೂಗಿದೆ. ಹೆದರಿದಾಗ ನನ್ನ ಬಾಯಿಗೆ ಬರುವುದು ಇಂಗ್ಲಿಷೇ. ಕಾನ್ವೆಂಟಿನ ಸಿಸ್ಟರುಗಳು ಹಾಗೆ ತಿದ್ದಿ ಬೆಳೆಸಿಬಿಟ್ಟಿದ್ದಾರೆ. ಅಟ್ಟದ ಕಿಂಡಿಯಿಂದ ಧೂಳು ಮೆತ್ತಿದ ಮುಖವೊಂದು ಹೊರಗೆ ಇಣುಕಿತು.

"ನಾನು ಕಣ್ರೀ, ಗಿರಿಜಮ್ಮ. ನಿಮ್ಮ ಮನೆ ಓನರ್ರು. ಕಾಯಿ ನೋಡ್ತಾ ಇವ್ನಿ."

ಇಲ್ಲಿಯವರು ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹರವಿ ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ತಾನಾಗಿಯೇ ಬಿಟ್ಟುಕೊಂಡು ಗಡಗಡ ಎನ್ನಬೇಕು. ಆಗ ಅದು ಕೊಬ್ಬರಿ. ಅದು ಕೊಬ್ಬರಿಯಾಯಿತೋ ಇಲ್ಲವೋ ಎಂದು ಗಿರಿಜಮ್ಮ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ನಮ್ಮ ಮಂಗಳೂರಿನಲ್ಲಿ ತೆಂಗಿನಕಾಯಿಗೆ ಅಷ್ಟು ಆಯುಸ್ಸೆಲ್ಲಿ? ಬೆಳಿಗ್ಗೆ ಅಂಗಳಕ್ಕೆ ಬಿದ್ದದ್ದು ಮಧ್ಯಾಹ್ನ ಮೀನಿನ ಸಾರಿನಲ್ಲಿ ಕುದಿಯುತ್ತಿರುತ್ತದೆ.

ನೀವೆಲ್ಲ, ಅಂದರೆ ಮಂಗಳೂರಿನ ನಮ್ಮ ವಾರ್ಡಿನವರು, ಫೋನು ಮಾಡಿದಾಗಲೆಲ್ಲ "ಸಿಸಿಲಿ ಬಾಯಿ, ಘಟ್ಟದ ಮೇಲೆ ಹೇಗಾಗ್ತದೆ?" ಎಂದು ಕೇಳುತ್ತೀರಿ. "ಫೈನ್, ಫೈನ್" ಎಂದು ಇಟ್ಟುಬಿಡುತ್ತೇನೆ. ಫೋನಿನಲ್ಲಿ ಹೇಳಲಾಗದ್ದನ್ನು ಬರೆದಾದರೂ ತಿಳಿಸೋಣವೆಂದು ಕೂತಿದ್ದೇನೆ. ಮದುವೆಯಾಗದ, ಎಪ್ಪತ್ತು ದಾಟಿದ, ಶಿಪ್ಪಿಂಗ್ ಆಫೀಸಿನಲ್ಲಿ ಸ್ಟೆನೋ ಆಗಿ ರಿಟೈರಾದ ಹೆಂಗಸಿಗೆ ತಂಗಿಯ ಮನೆಯೇ ಮನೆಯಾಗಿತ್ತು. ತಂಗಿ ತೀರಿಕೊಂಡಳು. ಅವಳ ಮಗಳು ಲವೀನಾ ರೈಲ್ವೆಯಲ್ಲಿ ಬುಕಿಂಗ್ ಕ್ಲರ್ಕ್. ಅವಳಿಗೆ ಅರಸೀಕೆರೆಗೆ ಟ್ರಾನ್ಸ್‌ಫರ್ ಆಯಿತು. "ಆಂಟಿ, ನೀವೊಬ್ಬರೇ ಇಲ್ಲಿ ಎಂತ ಮಾಡ್ತೀರಿ, ಬನ್ನಿ" ಎಂದಳು. ಬಂದೆ.

ಮನೆ ಕೊಡುವ ಮೊದಲು ಗಿರಿಜಮ್ಮ ಒಂದೇ ಒಂದು ಮಾತು ಹೇಳಿದ್ದರು. ಅವರದು ಲಿಂಗ ಕಟ್ಟಿಕೊಳ್ಳುವ, ಮಠಕ್ಕೆ ನಡೆದುಕೊಳ್ಳುವ ಕೊಬ್ಬರಿ ವ್ಯಾಪಾರದ ಮನೆತನ. ನಡುವೆ ಒಂದೇ ಗೋಡೆ.

"ಅಮ್ಮ, ನೀವೇನ್ ತಿಂತೀರೋ ಅದು ನಿಮ್ಮ ಹೊಟ್ಟೆ ಸಮಾಚಾರ, ನಾನು ಕೇಳಾಕಿಲ್ಲ. ಆದ್ರೆ ಮೀನಿನ ವಾಸ್ನೆ ನಮ್ಮ ದೇವರ ಮನೆಗೆ ಬರಬಾರ್ದು, ಅಷ್ಟೇಯ."

"ಬರಬೇಡ ಎಂದು ವಾಸನೆಗೆ ನಾನು ಹೇಗೆ ಹೇಳಲಿ ಗಿರಿಜಮ್ಮ?"

"ಇಂಗ್ಲೀಷಲ್ಲಿ ಹೇಳಿ ನೋಡಿ. ಹೆದ್ರಿಕೊಂಡು ನಿಂತ್ರೂ ನಿಂತೀತು."

ಹೀಗೆ ನನ್ನ ಬಾಳಿನಿಂದ ಮೀನು ಹೋಯಿತು. ಕುಚ್ಚಲಕ್ಕಿಯೂ ಹೋಯಿತು. ದಿನಸಿ ಅಂಗಡಿಯಲ್ಲಿ "ಕುಚ್ಚಲಕ್ಕಿ ಉಂಟಾ?" ಎಂದು ಕೇಳಿದಾಗ ಅಂಗಡಿಯವನು ಒಳಗಿದ್ದ ಹೆಂಡತಿಯನ್ನು ಕರೆದು, "ಬಾರೇ ಇಲ್ಲಿ, ಈ ಅಮ್ಮ ಪುಸ್ತಕ ಓದ್ದಂಗೆ ಮಾತಾಡ್ತಾರೆ, ಕೇಳು" ಎಂದ. ಹೆಂಡತಿ ಬಂದಳು. ಅವಳಿಗೋಸ್ಕರ ಇನ್ನೊಂದು ಸಲ ಕೇಳಿದೆ. ಇಬ್ಬರೂ ಮನಸಾರೆ ನಕ್ಕು, "ಅದಿಲ್ಲ ಕಣಮ್ಮ. ರಾಗಿ ಐತೆ, ಕೊಡ್ಲಾ?" ಎಂದರು. ಮುದ್ದೆ ತಿನ್ನುವುದನ್ನು ಗಿರಿಜಮ್ಮನೇ ಎದುರಿಗೆ ಕೂತು ಕಲಿಸಿದರು. "ಅಗೀಬೇಡಿ ಅಮ್ಮ! ಅದೇನು ಬ್ರೆಡ್ಡಾ? ನುಂಗಿ, ನುಂಗಿ!" ಬಾಯಿ ಮುಚ್ಚಿಕೊಂಡು ಮೂವತ್ತೆರಡು ಸಲ ಅಗಿಯಬೇಕೆಂದು ಕಲಿತವಳಿಗೆ ಅಗಿಯದೆ ನುಂಗುವುದು ಒಂದು ಪಾಪದ ಹಾಗೆ ಕಾಣುತ್ತಿತ್ತು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು. ಈಗ ನುಂಗುತ್ತೇನೆ, ಸಲೀಸಾಗಿ. ಈ ಊರಿನಲ್ಲಿ ನಾನು ಗೆದ್ದಿರುವುದು ಅಷ್ಟೇ ಎಂದು ಕೆಲವು ದಿನ ಅನ್ನಿಸುತ್ತದೆ.

ಜನ ಕೆಟ್ಟವರಲ್ಲ, ಖಂಡಿತ ಅಲ್ಲ. ಭಾನುವಾರದ ಪೂಜೆಗೆ ಇಲ್ಲೊಂದು ಪುಟ್ಟ ಇಗರ್ಜಿಯೂ ಇದೆ. ಹೆಂಗಸರು ಸರಿದು ಜಾಗ ಕೊಡುತ್ತಾರೆ. ನನ್ನನ್ನು ತಿನ್ನುತ್ತಿದ್ದುದು ಬೇರೆ. ಇಲ್ಲಿ ನನಗೆ ಹೆಸರಿಲ್ಲ. ಬೀದಿಗೆ ನಾನು ಮಂಗ್ಳೂರಮ್ಮ. ಲವೀನಾಗೆ ಆಂಟಿ. ಫಾದರ್‌ಗೆ ಬರೀ ಅಮ್ಮ. ಸಿಸಿಲಿ ಎಂದು ಕರೆಯುವವರು ಫೋನಿನೊಳಗೆ ಮಾತ್ರ. ಅವೆಲ್ಲಕ್ಕಿಂತ ಹೆಚ್ಚು ನನ್ನದಾದ ಇನ್ನೊಂದು ಹೆಸರಿತ್ತು: ಸ್ಪ್ಯಾರೋ. ಹಾಸ್ಟೆಲಿನಲ್ಲಿ ದಿಂಬಿನ ಕೆಳಗೆ ಬ್ರೆಡ್ಡಿನ ಚೂರು ಬಚ್ಚಿಟ್ಟುಕೊಂಡು ಕೊರಕುತ್ತಿದ್ದವಳಿಗೆ ಪಕ್ಕದ ಮಂಚದ ಹಿಲ್ಡಾ ಇಟ್ಟ ಹೆಸರು. ಅವಳೊಬ್ಬಳೇ ಹಾಗೆ ಕರೆಯುತ್ತಿದ್ದುದು. ಬೇರೆ ಯಾರಾದರೂ ಕರೆದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಬದುಕೆಲ್ಲ ಕಾಗದ, ಆಮೇಲೆ ಟ್ರಂಕ್ ಕಾಲ್, ಆಮೇಲೆ ಮೊಬೈಲು. ಅವಳೀಗ ಪುಣೆಯಲ್ಲಿ ಮಗಳು ಅನಿತಾಳ ಮನೆಯಲ್ಲಿದ್ದಾಳೆ. ಎರಡು ವರ್ಷದಿಂದ ಮರೆವು. ಕಳೆದ ಈಸ್ಟರಿಗೆ ಫೋನು ಮಾಡಿದಾಗ ಎರಡು ಸಲ ಯಾರೆಂದು ಕೇಳಿ, ಕೊನೆಗೆ, "ಸ್ಪ್ಯಾರೋ, ಯೂ ಸಿಲ್ಲಿ ಗರ್ಲ್, ಎಲ್ಲಿ ಹೋಗಿದ್ದಿ ಇಷ್ಟು ದಿವಸ?" ಎಂದಳು. ಅದಾದ ಮೇಲೆ ಫೋನಿಗೆ ಬರುವುದನ್ನೇ ಬಿಟ್ಟಳು.

ಇನ್ನು ನಮ್ಮ ಬಳಗದ ವಿಷಯ. ಹಾಸ್ಟೆಲಿನಲ್ಲಿ ಜೊತೆಗಿದ್ದವರೆಲ್ಲ ಸೇರಿ ಮಾಡಿಕೊಂಡಿರುವ ವಾಟ್ಸ್ಯಾಪ್ ಗ್ರೂಪೊಂದಿದೆ. ಹೆಸರು ಡಾರ್ಮಿಟರಿ. ಕುವೈತಿನ ಗ್ರೇಸ್ ಅದರ ಅಡ್ಮಿನ್. ವರ್ಷವಿಡೀ ಅಲ್ಲಿ ಗುಡ್ ಮಾರ್ನಿಂಗ್ ಹೂವು, ಮಂಡಿ ನೋವಿನ ಎಣ್ಣೆ, ಯಾರೋ ತೀರಿಕೊಂಡ ಸುದ್ದಿ. ಆದರೆ ಕ್ರಿಸ್ಮಸ್ಸಿಗೆ ಮೊದಲಿನ ಆಗಮನ ಕಾಲ ಬಂತೆಂದರೆ ಡಾರ್ಮಿಟರಿಗೆ ಜೀವ ಬರುತ್ತದೆ. ಹಾಸ್ಟೆಲಿನ ಆಟವನ್ನು ಫೋನಿನಲ್ಲಿ ಆಡುತ್ತೇವೆ. ಆಗ ಚೀಟಿ ಎತ್ತುತ್ತಿದ್ದೆವು. ಈಗ ಗ್ರೇಸ್ ಎತ್ತಿ ಒಬ್ಬೊಬ್ಬರಿಗೇ ಗುಟ್ಟಾಗಿ ತಿಳಿಸುತ್ತಾಳೆ. ಯಾರ ಹೆಸರು ಬಂತೋ ಅವಳು ನಿಮ್ಮ ಕ್ರಿಸ್‌ಚೈಲ್ಡ್, ನೀವು ಅವಳ ಕ್ರಿಸ್‌ಮಾಮ್. ಅವಳಿಗಾಗಿ ದಿನವೂ ಪ್ರಾರ್ಥಿಸಬೇಕು, ಗೊತ್ತಾಗದ ಹಾಗೆ ಒಳ್ಳೆಯದು ಮಾಡಬೇಕು. ಹಾಸ್ಟೆಲಿನಲ್ಲಾದರೆ ಹಾಸಿಗೆ ಮಡಚಿಡುವುದು, ಶೂ ಪಾಲಿಶ್ ಮಾಡಿಡುವುದು. ಈಗ ಹಾಡು, ಮಾತು, ಫೋಟೋ. ಎಲ್ಲವನ್ನೂ ಗ್ರೇಸಿಗೆ ಕಳಿಸುವುದು, ಅವಳು ಹೆಸರು ಹೇಳದೆ ದಾಟಿಸುವುದು. ಕ್ರಿಸ್ಮಸ್ ದಿನದವರೆಗೆ ನೀವು ಯಾರೆಂದು ತಿಳಿಯಕೂಡದು. ತಿಳಿದರೆ ಆಟ ಕೆಟ್ಟಿತು. ಧ್ವನಿ ಗುರುತು ಸಿಗಬಾರದೆಂದು ಒಬ್ಬಳು ಮೊಮ್ಮಗನಿಂದ ಹಾಡಿಸುತ್ತಾಳೆ, ಇನ್ನೊಬ್ಬಳು ಮೂಗು ಹಿಡಿದುಕೊಂಡು ಮಾತಾಡುತ್ತಾಳೆ. ಅಬ್ಸರ್ಡ್, ಐ ನೋ. ಆದರೆ ಇಷ್ಟು ವಯಸ್ಸಿನಲ್ಲಿ ನಮಗೋಸ್ಕರ ಯಾರೋ ಗುಟ್ಟಾಗಿ ಏನೋ ಮಾಡುತ್ತಿದ್ದಾರೆ ಎನ್ನುವುದು ಸಣ್ಣ ವಿಷಯವಲ್ಲ.

ಈ ಸಲ ಗ್ರೇಸ್ ನನಗೆ ಕಳಿಸಿದ ಹೆಸರು ಹಿಲ್ಡಾ.

ಅಳು ಬಂತು. ಇದು ಕೊನೆಯದೆಂದು ನನಗೆ ಗೊತ್ತಿತ್ತು. ಮುಂದಿನ ಕ್ರಿಸ್ಮಸ್ಸಿಗೆ ಅವಳಿಗೆ ಏನೂ ಉಳಿದಿರುವುದಿಲ್ಲ. ಈ ದಿನಗಳಲ್ಲಿ ಅವಳ ಮನಸ್ಸನ್ನು ಹೇಗಾದರೂ ಬೆಚ್ಚಗೆ ಇಟ್ಟು, ಹಬ್ಬದ ದಿನ "ಇದು ನಾನು" ಎಂದಾಗ ಅವಳು ಒಂದೇ ಒಂದು ಸಲ ಸ್ಪ್ಯಾರೋ ಎನ್ನಬೇಕು. ದೇವರಲ್ಲಿ ನಾನು ಕೇಳಿಕೊಂಡದ್ದು ಅಷ್ಟೇ. ಬೇರೆಯವರ ಹೆಸರಿನಲ್ಲಿ ಮಾಡಬೇಕಾದ ಪ್ರಾರ್ಥನೆಯಲ್ಲಿ ನನಗೋಸ್ಕರ ಕೇಳಿಕೊಂಡೆ.

ಆದರೆ ನನ್ನ ಧ್ವನಿ ಅವಳಿಗೆ ಗೊತ್ತು. ಮುಚ್ಚಿಡುವುದು ಹೇಗೆ? ಗಿರಿಜಮ್ಮನನ್ನು ಕರೆದೆ. ಎರಡು ಸಾಲು ಬರೆದು ಕೊಟ್ಟು ಓದಲು ಹೇಳಿದೆ.

"ಪ್ರಿಯ. ಕ್ರಿಸ್. ಚೈಲ್ಡ್. ನಿಮಗೆ. ಆಗಮನ ಕಾಲದ..." ಗಿರಿಜಮ್ಮ ಮೈಯೆಲ್ಲ ಬಿಗಿ ಹಿಡಿದು, ರೈಲು ಎಷ್ಟನೇ ಪ್ಲಾಟ್‌ಫಾರಂಗೆ ಬರುತ್ತದೆಂದು ಸಾರುವ ಹಾಗೆ ಓದಿದರು.

"ಬೇಡ, ಬಿಡಿ. ನಿಮಗೆ ತೋಚಿದ್ದು ಹೇಳಿ."

"ಯಾರಿಗೆ ಹೇಳಾಣ?"

"ನನ್ನ ಗೆಳತಿಗೆ. ಅವಳಿಗೆ ಮರೆವು. ಚಿಕ್ಕ ಮಗುವಿನ ಹಾಗೆ."

ಗಿರಿಜಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರಕ್ಕೆ ತಂದುಕೊಂಡರು. "ಅವ್ವಾ, ಹೆಂಗಿದ್ದೀಯವ್ವ? ನಿಮ್ಮ ಕಡೆ ಚಳಿ ಐತಾ? ಇಲ್ಲಿ ಬೋ ಚಳಿ ಕಣವ್ವ, ಬೆಳಿಗ್ಗೆ ಎದ್ರೆ ಮಂಜು. ತಲೆಗೆ ಬಟ್ಟೆ ಕಟ್ಕೊ. ಹೊಟ್ಟೆ ತುಂಬ ಉಣ್ಣು. ಹಠ ಮಾಡ್ಬೇಡ, ಆಯ್ತಾ? ಇಲ್ಲಿ ನಿನ್ ಫ್ರೆಂಡು ಒಬ್ರು..."

ಥಟ್ಟನೆ ಅವರ ಬಾಯಿ ಮುಚ್ಚಿದೆ. "ನನ್ನ ಹೆಸರು ಹೇಳಬಾರದು!"

"ಅಯ್ಯೋ, ಯಾಕ್ರೀ? ಕೆಟ್ಟದ್ ಮಾಡೋರು ಮುಚ್ಚಿಟ್ಕೋತಾರೆ. ಒಳ್ಳೇದ್ ಮಾಡೋಕೂ ಕಳ್ಳತನವೇ?"

"ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಮ್ಮಲ್ಲಿ ಉಂಟು."

"ತಿಳೀಲಿ ಬುಡಿ. ಎಡಗೈ ಏನು ಪಕ್ಕದ ಮನೆಯೋರ್ದಾ?"

ಕೊನೆಯ ಮಾತನ್ನು ಕತ್ತರಿಸಿ ಗ್ರೇಸಿಗೆ ಕಳಿಸಿದೆ. ಮರುದಿನ ಅನಿತಾ ತಾಯಿಯ ಫೋನಿನಿಂದ ಗ್ರೂಪಿನಲ್ಲಿ ಬರೆದಳು. ಮಮ್ಮಿಯ ಕ್ರಿಸ್‌ಮಾಮ್ ಯಾರೋ ಗೊತ್ತಿಲ್ಲ, ಗಾಡ್ ಬ್ಲೆಸ್ ಯೂ. ಎಷ್ಟೋ ತಿಂಗಳ ಮೇಲೆ ಮಮ್ಮಿ ನಕ್ಕಿದ್ದಾರೆ. ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳುತ್ತಿದ್ದಾರೆ. ಲಕ್ಕಕ್ಕ ಬಂದಳು, ಲಕ್ಕಕ್ಕ ಬಂದಳು ಎನ್ನುತ್ತಾರೆ. ಆಂಟೀಸ್, ಹೂ ಈಸ್ ಲಕ್ಕಕ್ಕ?

ಯಾರಿಗೂ ಗೊತ್ತಿರಲಿಲ್ಲ, ನನಗೆ ಮಾತ್ರ ಗೊತ್ತಿತ್ತು. ಹಿಲ್ಡಾಳ ತಂದೆ ಬೇಲೂರಿನಲ್ಲಿ ಕಾಂಪೌಂಡರ್ ಆಗಿದ್ದರು. ಹಾಸ್ಟೆಲಿಗೆ ಬರುವವರೆಗೆ ಹಿಲ್ಡಾ ಬೆಳೆದದ್ದು ಅಲ್ಲೇ, ಮನೆಗೆಲಸದ ಲಕ್ಕಮ್ಮನ ಸೊಂಟದ ಮೇಲೆ. ಆ ಲಕ್ಕಕ್ಕ ಸತ್ತು ಎಷ್ಟು ಕಾಲವಾಯಿತೋ. ಗಿರಿಜಮ್ಮನ ತವರು ಬೇಲೂರಿನ ಮಗ್ಗುಲಿನ ಹಗರೆ. ಆ ನೆಲದ ಮಾತು, ಆ ನೆಲದ ರಾಗ. ನಾನು ಮುಖವಾಡವೆಂದು ತೊಟ್ಟ ಧ್ವನಿ ಅವಳ ಎದೆಯೊಳಗೆ ನೇರ ನಡೆದುಹೋಗಿತ್ತು. ಆವತ್ತು ನಾನು ಅಡುಗೆಮನೆಯಲ್ಲಿ ಒಬ್ಬಳೇ ಹಾಡಿಕೊಂಡೆ. ಇದು ದೇವರ ಕೆಲಸವೇ, ಸಂಶಯವಿಲ್ಲ ಎಂದುಕೊಂಡೆ.

ಗಿರಿಜಮ್ಮ ತವರಿಗೆ ಹೊರಟಾಗ ನಾನೂ ಹೊರಟೆ. ಜಾವಗಲ್ ದಾಟಿ, ಹಳೇಬೀಡಿನ ಮೇಲೆ ಬೇಲೂರಿಗೆ ಬಸ್ಸು. ಹಳೇಬೀಡಿನಲ್ಲಿ ಟೂರಿನ ಶಾಲಾ ಮಕ್ಕಳು ಸಾಲುಗಟ್ಟಿ ನಿಂತಿದ್ದರು; ಕಪ್ಪು ಬಟ್ಟೆಯ ಅಯ್ಯಪ್ಪ ಭಕ್ತರು ವ್ಯಾನಿನ ನೆರಳಲ್ಲಿ ಚಿತ್ರಾನ್ನ ತಿನ್ನುತ್ತಿದ್ದರು. ಶಿಲ್ಪ ನೋಡಲು ಲೋಕವೇ ಬರುವ ಊರುಗಳ ಮೂಲಕ ಹೋಗಿ, ಯಾವ ಶಿಲ್ಪವನ್ನೂ ನೋಡದೆ, ಬೇಲೂರಿನ ಹಳೆಯ ಓಣಿಯೊಂದರಲ್ಲಿ ಇಬ್ಬರು ಹೆಂಗಸರು ಹಿಲ್ಡಾಳಿಗೆಂದು ಫೋನಿನಲ್ಲಿ ವಿಡಿಯೋ ತೆಗೆಯುತ್ತ ನಡೆದೆವು. ಗಿರಿಜಮ್ಮ ಮಾತಾಡುತ್ತಿದ್ದರು, ನಾನು ಹಿಡಿದುಕೊಂಡಿದ್ದೆ.

"ಇಗೋ ಅವ್ವಾ, ಬೇಲೂರು. ಇದು ಬಾವಿ ಕಟ್ಟೆ, ಈಗ ಮುಚ್ಚವ್ರೆ. ಇಗೋ ಇಲ್ಲೊಂದು ಮೇಕೆ, ಯಾರ್ದೋ ಸೀರೆ ತಿಂತಾ ಐತೆ. ಏಯ್, ಹೋಗ್! ನೋಡ್ದಾ ಅವ್ವ, ನನ್ನೇ ಗುರಾಯಿಸ್ತದೆ..."

ನನಗೆ ಕೆಮ್ಮು ಒತ್ತರಿಸಿ ಬಂತು. ಸೆರಗಿನಿಂದ ಬಾಯಿ ಬಿಗಿಯಾಗಿ ಮುಚ್ಚಿಕೊಂಡೆ. ನನ್ನ ಗೆಳತಿಗೆ ನಾನು ಕೊಡುತ್ತಿದ್ದ ಉಡುಗೊರೆಯಲ್ಲಿ ನನ್ನ ಕೆಮ್ಮು ಕೂಡ ಇರಬಾರದಿತ್ತು.

ಆಮೇಲೆ ಅನಿತಾಳ ಬರಹದ ಧಾಟಿ ಬದಲಾಯಿತು. ಮಮ್ಮಿ ಇಂಗ್ಲಿಷ್ ಬಿಟ್ಟಿದ್ದಾರೆ. ಈಗ ಕನ್ನಡವೇ, ಅದೂ ನಮಗೆ ಅರ್ಥವಾಗದ ಕನ್ನಡ. ನನ್ನನ್ನು ಯಾರು ನೀನು ಎನ್ನುತ್ತಾರೆ. ತಾನು ಸಣ್ಣ ಹುಡುಗಿ, ಅಪ್ಪ ಆಸ್ಪತ್ರೆಯಿಂದ ಬರುವ ಹೊತ್ತಾಯಿತು ಎನ್ನುತ್ತಾರೆ. ಬಟ್ ಶೀ ಈಸ್ ಹ್ಯಾಪಿ.

ಡಾರ್ಮಿಟರಿಯವರೆಲ್ಲ ಕೈಮುಗಿದ ಚಿತ್ರ ಹಾಕಿದರು. ನಾನು ಮಾತ್ರ ಹಾಕಲಿಲ್ಲ. ಅವಳು ಹಿಂದಕ್ಕೆ ನಡೆಯುತ್ತಿದ್ದಾಳೆ. ಮಗಳನ್ನು ದಾಟಿದಳು, ಮದುವೆಯನ್ನು ದಾಟಿದಳು. ಈಗ ಬೇಲೂರಿನ ದಾರಿಯಲ್ಲಿದ್ದಾಳೆ. ದಾರಿ ತೋರಿಸುತ್ತಿರುವವಳು ನಾನೇ. ಆ ಊರಿನಲ್ಲಿ ನಾನಿಲ್ಲ. ಅಲ್ಲಿ ಅವಳಿಗೆ ನನ್ನ ಪರಿಚಯವೇ ಆಗಿಲ್ಲ. ಹಾಸ್ಟೆಲಿನ ಬಾಗಿಲು ಮುಚ್ಚುವ ಮೊದಲು ನಾನು ಕೂಗಿ ಕರೆಯಬೇಕು.

ಗ್ರೇಸಿಗೆ ಫೋನು ಮಾಡಿದೆ. "ಗ್ರೇಸ್, ಪ್ಲೀಸ್. ಈಗಲೇ ನಾನು ನನ್ನ ಧ್ವನಿಯಲ್ಲೇ ಮಾತಾಡ್ತೇನೆ. ಒಂದು ಸಲ."

"ನಿನಗೆ ಎಂತ ಮರ್ಲಾ ಸಿಸಿಲಿ? ಇನ್ನು ಒಂದು ವಾರ ಉಂಟು. ಹಬ್ಬದ ದಿನ ವಿಡಿಯೋ ಕಾಲ್‌ನಲ್ಲಿ ಎಲ್ಲರ ಎದುರು ನೀನು ಬಂದರೆ ಹಿಲ್ಡಾ ಎಷ್ಟು ಖುಷಿ ಪಡ್ತಾಳೆ! ಆಟ ಕೆಡಿಸಬೇಡ ಮಾರಾಯ್ತಿ. ಅವಳು ಹ್ಯಾಪಿ ಇದ್ದಾಳಲ್ಲ?"

ಫೋನು ಇಟ್ಟೆ. ಬೇಡವೆಂದ ಬಾಗಿಲನ್ನು ದೂಡಿಕೊಂಡು ಹೋಗುವ ವಿದ್ಯೆಯನ್ನು ಸಿಸ್ಟರುಗಳು ನಮಗೆ ಕಲಿಸಲಿಲ್ಲ. ಅನಿತಾಳ ನಂಬರು ನನ್ನ ಫೋನಿನಲ್ಲೇ ಇತ್ತು. ಬೆರಳನ್ನು ಅದರ ಮೇಲೆ ಇಟ್ಟು ತೆಗೆದೆ, ಇಟ್ಟು ತೆಗೆದೆ. ಬೆಳಿಗ್ಗೆ ಗಿರಿಜಮ್ಮ ಬಂದು "ಇವತ್ತೇನು ಯೇಳಾಣ ಆ ಅವ್ವಂಗೆ?" ಎಂದು ಕೇಳಿದರೆ, ಏನೂ ಬೇಡ ಎನ್ನಲು ಬಾಯಿ ತೆರೆಯುತ್ತಿದ್ದೆ. ಹೇಳದಿದ್ದರೆ ಹಿಲ್ಡಾ ಊಟ ಬಿಡುತ್ತಾಳೆ ಎಂದು ಅನಿತಾ ಬರೆದಿದ್ದಳು. ಹೇಳಿದರೆ ಅವಳು ನನ್ನಿಂದ ಇನ್ನೊಂದು ಹೆಜ್ಜೆ ದೂರ. "ಹೇಳಿ" ಎನ್ನುತ್ತಿದ್ದೆ.

ಹಬ್ಬಕ್ಕೆ ಕುಸ್ವಾರ್ ಮಾಡಿದೆ. ಕ್ರಿಸ್ಮಸ್ಸಿಗೆ ನಾವು ಮಾಡಿ ನೆರೆಹೊರೆಗೆಲ್ಲ ಹಂಚುವ ಬಗೆಬಗೆಯ ತಿಂಡಿಗಳಿಗೆ ಕುಸ್ವಾರ್ ಎನ್ನುತ್ತಾರೆಂದು ಗಿರಿಜಮ್ಮನಿಗೆ ವಿವರಿಸಿ, ಯಾವುದಕ್ಕೂ ಮೊಟ್ಟೆ ಹಾಕಿಲ್ಲವೆಂದು ಆಣೆ ಮಾಡಿದೆ. ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟನ್ನು ಒತ್ತಿ ಸುರುಳಿ ಮಾಡುವ ಕಿಡಿಯೊವನ್ನು ಅವರೂ ಕೂತು ಒತ್ತಿದರು. "ತಲೆ ಬಾಚಿದ್ದಲ್ಲ ತಾನೆ?" ಎಂದು ಬಾಚಣಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೀದಿಗೆ ಹತ್ತಾರು ತಟ್ಟೆ ಹೋದವು. ಮಂಗಳೂರಿನಲ್ಲಾದರೆ ತಟ್ಟೆ ಕೊಟ್ಟ ಕೈಗೇ ಇನ್ನೊಂದು ತಟ್ಟೆ ಬರುತ್ತದೆ. ಇಲ್ಲಿ ನನ್ನದೊಬ್ಬಳದೇ ಹಬ್ಬ.

ಕ್ರಿಸ್ಮಸ್ ದಿನ ಲವೀನಾಗೆ ಡ್ಯೂಟಿ. ಪೂಜೆ ಮುಗಿಸಿ ಬಂದು, ತಂಗಿ ಕೊಟ್ಟಿದ್ದ ನೀಲಿ ಸೀರೆಯಲ್ಲೇ ಫೋನಿನ ಮುಂದೆ ಕೂತೆ. ಸಣ್ಣ ಸಣ್ಣ ಚೌಕಗಳಲ್ಲಿ ಒಬ್ಬೊಬ್ಬರೇ ಬಂದರು. ನರೆತ ಹುಡುಗಿಯರು. "ನೀನಾ ನನ್ನ ಕ್ರಿಸ್‌ಮಾಮ್!" ಎಂಬ ಕೂಗು, ನಗು. ಕೊನೆಗೆ ಅನಿತಾಳ ಚೌಕದಲ್ಲಿ ಹಿಲ್ಡಾ. ಎಷ್ಟು ಚಿಕ್ಕವಳಾಗಿದ್ದಳು! ಕೂದಲಿಗೆ ಯಾರೋ ಕೆಂಪು ರಿಬ್ಬನ್ ಕಟ್ಟಿದ್ದರು.

"ನೌ, ಹಿಲ್ಡಾಸ್ ಕ್ರಿಸ್‌ಮಾಮ್!" ಎಂದಳು ಗ್ರೇಸ್.

"ಹಿಲ್ಡಾ," ಎಂದೆ. "ಹ್ಯಾಪಿ ಕ್ರಿಸ್ಮಸ್, ಮೈ ಡಿಯರ್. ಇದು ನಾನು. ಸ್ಪ್ಯಾರೋ."

ಅವಳು ನೋಡಿದಳು. ನನ್ನ ಬಿಳಿ ಕೂದಲನ್ನು, ಕನ್ನಡಕವನ್ನು, ಹಿಂದಿನ ಗೋಡೆಯ ಶಿಲುಬೆಯನ್ನು. ಮೆಲ್ಲಗೆ ಎದ್ದು ನಿಂತು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಗುಡ್ ಆಫ್ಟರ್‌ನೂನ್, ಸಿಸ್ಟರ್," ಎಂದಳು.

ಯಾರೋ ನಕ್ಕರು. ನಾನು, "ಅಲ್ಲ ಹಿಲ್ಡಾ, ನಾನು, ನಾನು, ನಿನ್ನ ಪಕ್ಕದ ಮಂಚದವಳು" ಎಂದೆ. ನನ್ನ ದನಿ ಎತ್ತರವಾಯಿತು. ಅವಳು ಹಿಂದೆ ಸರಿದಳು. "ನಾನೇನೂ ಮಾಡಿಲ್ಲ ಸಿಸ್ಟರ್. ನಾನು ಮನೆಗೆ ಹೋಗ್ಬೇಕು. ಲಕ್ಕಕ್ಕ! ಲಕ್ಕಕ್ಕ!" ಎಂದು ಜೋರಾಗಿ ಅತ್ತಳು.

ಆಗ ಅರ್ಥವಾಯಿತು. ಅವಳು ಹಾಸ್ಟೆಲಿನ ಹೊಸ್ತಿಲಿಗೇ ಬಂದು ನಿಂತಿದ್ದಳು. ಮೊದಲ ದಿನ, ಟ್ರಂಕು ಇಳಿಸಿ ಅಪ್ಪ ಹೊರಟ ಗಳಿಗೆ. ಇನ್ನು ಸ್ವಲ್ಪ ಹೊತ್ತಿಗೆ ಮಂಚ ತೋರಿಸುತ್ತಾರೆ, ಪಕ್ಕದ ಮಂಚದಲ್ಲಿ ನಾನಿರುತ್ತೇನೆ. ಆದರೆ ಅವಳು ಒಳಗೆ ಬರಲೊಲ್ಲಳು.

ಅಳು ಕೇಳಿ ಗಿರಿಜಮ್ಮ ಒಳಗೆ ಬಂದರು. ಹಿಟ್ಟಿನ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು, ನನ್ನ ಭುಜದ ಮೇಲಿನಿಂದ ಬಗ್ಗಿ, "ಯಾಕವ್ವ ಅಳ್ತೀಯ? ನಾನಿಲ್ವಾ ಇಲ್ಲಿ? ಯಾರು ಬೈದೋರು ನಿನ್ನ? ಯೇಳು, ಬಡೀತೀನಿ" ಎಂದರು. ಹಿಲ್ಡಾಳ ಮುಖ ಅರಳಿತು. ಮೂಗು ಒರೆಸಿಕೊಂಡು, "ಈ ಸಿಸ್ಟರ್" ಎಂದು ನನ್ನ ಕಡೆ ಬೆರಳು ತೋರಿಸಿದಳು.

ಚೌಕಗಳಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸೋ ಸ್ವೀಟ್, ಸೋ ಸ್ವೀಟ್. ಗಿರಿಜಮ್ಮ ಕಾಣುವ ಹಾಗೆ ನಾನು ಪಕ್ಕಕ್ಕೆ ಸರಿದು ಫೋನು ಹಿಡಿದುಕೊಂಡೆ. ಮಾತು ಮುಗಿಯುವವರೆಗೂ ಹಿಡಿದುಕೊಂಡಿದ್ದೆ. ಕೈ ಜೋಮು ಹಿಡಿಯಿತು.

ಫೋನು ಇಟ್ಟ ಮೇಲೆ ಗಿರಿಜಮ್ಮ ನನ್ನ ಮುಖ ನೋಡದೆ, "ನಾನು ಬರಬಾರ್ದಿತ್ತೇನೋ" ಎಂದರು.

"ಬರದಿದ್ದರೆ ಅವಳು ಅಳುತ್ತಲೇ ಇರುತ್ತಿದ್ದಳು."

"ಅದೂ ನಿಜ." ಎದ್ದು ಬಾಗಿಲವರೆಗೆ ಹೋಗಿ, "ಊಟ ಮಾಡಿದ್ರಾ?" ಎಂದರು. ಮಾಡಿರಲಿಲ್ಲ. ಹಬ್ಬದ ದಿನದ ನನ್ನ ಊಟ ಅವರ ಅಡುಗೆಮನೆಯಲ್ಲಿ, ಅವರೆಕಾಳು ಸಾರಿನಲ್ಲಿ ಮುಗಿಯಿತು. ಅದೇ ಮೊದಲ ಸಲ ನಾನು ಆ ಗೋಡೆಯ ಆಚೆ ಕೂತದ್ದು. ಬೇರೆ ಯಾವ ದಿನವಾಗಿದ್ದರೂ ಅದನ್ನು ನಾನು ಸಂತೋಷದಿಂದ ನಿಮಗೆ ಬರೆಯುತ್ತಿದ್ದೆ.

ಡಾರ್ಮಿಟರಿ ಮತ್ತೆ ಗುಡ್ ಮಾರ್ನಿಂಗ್ ಹೂವುಗಳಿಗೆ ಮರಳಿತು. ಆಟ ಮುಗಿದರೂ ನನ್ನದು ಮುಗಿಯಲಿಲ್ಲ. ದಿನವೂ ಮಧ್ಯಾಹ್ನ ಅನಿತಾ ಫೋನು ಮಾಡುತ್ತಾಳೆ, ಗಿರಿಜಮ್ಮ ಬಂದು ಮಾತಾಡುತ್ತಾರೆ, ಹಿಲ್ಡಾ ಉಣ್ಣುತ್ತಾಳೆ. ನಾನು ಫೋನು ಹಿಡಿದು ಪಕ್ಕದಲ್ಲಿರುತ್ತೇನೆ, ಪರದೆಯ ಅಂಚಿನಲ್ಲಿ ಅರ್ಧ ಮುಖ. ಬಾಯಿ ತೆರೆಯುವುದಿಲ್ಲ.

ನಡುವೆ ತಂಗಿಯ ವರ್ಷದ ಪೂಜೆಗೆ ಮಂಗಳೂರಿಗೆ ಬಂದಿದ್ದೆನಲ್ಲ. ಸ್ಟೇಷನ್ನಿನಲ್ಲಿ ಆಟೋದವನಿಗೆ ದಾರಿ ಹೇಳಿದೆ. ಅವನು ಕನ್ನಡಿಯಲ್ಲಿ ನೋಡಿ, "ಘಟ್ಟದವರಾ ಅಮ್ಮ? ಫಸ್ಟ್ ಟೈಮಾ ಮಂಗಳೂರಿಗೆ?" ಎಂದ. ಅವನಿಗೆ ಏನೆಂದಿದ್ದೆನೆಂದು ನೆನೆಸಿಕೊಂಡೆ. "ಇಲ್ಲೇ ಮುಂದ್ಕೆ ಐತಲ್ಲಪ್ಪ" ಎಂದಿದ್ದೆ. ಹುಟ್ಟಿ ಬೆಳೆದ ಊರಿನಲ್ಲಿ ನನಗೆ ನಾನೇ ದಾರಿಗುರುತು ಹೇಳಿಕೊಂಡು ಮನೆ ಮುಟ್ಟಿದೆ. ನಿಮ್ಮ ಮನೆಗಳಿಗೆ ಬಂದಾಗ ಮೀನಿನ ಸಾರನ್ನು ಮುಂದಿಟ್ಟಿರಿ. ನಿಜ ಹೇಳುತ್ತೇನೆ, ಬೇಸರಪಡಬೇಡಿ, ವಾಸನೆಗೆ ಒಂದು ಕ್ಷಣ ಹೊಟ್ಟೆ ತೊಳಸಿತು. ಉಂಡೆ. ಆದರೆ ತೊಳಸಿದ್ದು ನನಗೆ ಗೊತ್ತು.

ಮೊನ್ನೆ ಗಿರಿಜಮ್ಮ ಅಣ್ಣನ ಮನೆಯ ಗೃಹಪ್ರವೇಶಕ್ಕೆ ಹಗರೆಗೆ ಹೋದರು. ಮಧ್ಯಾಹ್ನ ಅನಿತಾಳ ಫೋನು. ಅವಳ ಫೋನಿನ ಕ್ಯಾಮರಾ ಕೆಟ್ಟಿತ್ತು, ಧ್ವನಿ ಮಾತ್ರ. "ಆಂಟಿ, ಪ್ಲೀಸ್, ಆ ಅಕ್ಕನನ್ನು ಕೊಡಿ. ಬೆಳಿಗ್ಗೆಯಿಂದ ಮಮ್ಮಿ ಬಾಯಿ ತೆರೆದಿಲ್ಲ." ಹಗರೆಗೆ ಹತ್ತು ಸಲ ಫೋನು ಮಾಡಿದೆ. ಮನೆ ತುಂಬ ನೆಂಟರಿರುವವರು ಎತ್ತುತ್ತಾರೆಯೇ? ಆ ಕಡೆ ಅನಿತಾ ಅಳುತ್ತಿದ್ದಳು.

ಗಂಟಲು ಸರಿಮಾಡಿಕೊಂಡೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರಕ್ಕೆ ತಂದುಕೊಂಡೆ.

"ಯಾಕವ್ವ ಉಣ್ಣಲ್ವಂತೆ? ಏನ್ ಹಠ ನಿಂದು?"

ಆ ಕಡೆ ತಟ್ಟೆಯ ಸದ್ದಾಯಿತು.

"ಲಕ್ಕಕ್ಕಾ?"

"ಊಂ ಕಣವ್ವ. ನಾನೇ."

"ಎಲ್ಲಿಗೆ ಹೋಗಿದ್ದೆ?"

"ಎಲ್ಲಿಗೋದೇನು? ಇಲ್ಲೇ ಇವ್ನಲ್ಲ. ತುತ್ತು ಬಾಯಿಗಿಕ್ಕು. ನುಂಗು. ಆಂ, ಅಂಗೆ."

ಅವಳು ಉಣ್ಣುವ ಸದ್ದು ಕೇಳಿಸಿತು. ಎಷ್ಟೋ ತುತ್ತುಗಳಾದ ಮೇಲೆ ದನಿ ತಗ್ಗಿಸಿ, ಗುಟ್ಟು ಕೇಳುವ ಹಾಗೆ ಕೇಳಿದಳು.

"ಲಕ್ಕಕ್ಕ, ದಿನಾ ನಿನ್ನ ಪಕ್ಕ ಫೋನು ಹಿಡ್ಕೊಂಡು ಕೂತಿರ್ತಾಳಲ್ಲ ಒಬ್ಬಳು ಮುದುಕಿ. ಮಾತೇ ಆಡಲ್ಲ. ಯಾರವಳು?"

ನಾನು ಗೋಡೆಗೆ ಒರಗಿದೆ.

"ಅವ್ಳಾ? ನಮ್ಮನೇಲಿ ಬಾಡಿಗೆಗೆ ಅವ್ಳೆ ಕಣವ್ವ. ಮಂಗ್ಳೂರು ಕಡೆಯೋಳು."

"ಅವಳಿಗೆ ಯಾರೂ ಇಲ್ವಾ?"

"ಅವ್ರೆ, ಅವ್ರೆ. ದೂರದಲ್ಲವ್ರೆ."

"ಪಾಪ," ಎಂದಳು ಹಿಲ್ಡಾ. "ಅವಳಿಗೂ ಊಟ ಹಾಕು."

"ಹಾಕ್ತೀನಿ ಬುಡವ್ವ," ಎಂದೆ. "ನೀನು ಉಣ್ಣು."